ಬಾಗಿಲು ತೆರೆಯುವ ಹೊತ್ತು



2020ರ ಮೇ 4ನೆಯ ತಾರೀಖು ನಿಮ್ಮ ನೆನಪಿನಲ್ಲಿದೆಯೇ? ನಲವತ್ತು ದಿನಗಳ ಲಾಕ್‌ಡೌನ್ ನಂತರ ನಮ್ಮ ಕರ್ನಾಟಕದಲ್ಲಿ ಅಂದು ಮದ್ಯದಂಗಡಿಗಳು ತೆರೆದವು. ಬೆಳಗಾಗುವ ಮುನ್ನವೇ ಮಾರುದ್ದದ ಸಾಲುಗಳು ನಿಂತವು. ನಮ್ಮ ದೇವಾಲಯಗಳ ಬಾಗಿಲುಗಳು ಮಾತ್ರ ಜೂನ್ 8ರವರೆಗೂ ಭಕ್ತರಿಗೆ ತೆರೆಯಲಿಲ್ಲ. "ಅದಕ್ಕಿರುವ ಅವಕಾಶ ಇದಕ್ಕೇಕಿಲ್ಲ?" ಎಂದು ಆ ಐದು ವಾರಗಳಲ್ಲಿ ಕೇಳದ ಮನೆ ನಮ್ಮ ಧರ್ಮಕೇಂದ್ರಗಳಲ್ಲಿ ಬಹುಶಃ ಇರಲಾರದು.

ಅದೇ ಮೇ 4ರಂದು, ಅದೇ ಪ್ರಶ್ನೆಯನ್ನು ಇನ್ನೊಂದು ನಾಡು ಕೇಳುತ್ತಿತ್ತು. ಅದು ಇಟಲಿ. ಅಲ್ಲಿ ಈ ಪ್ರಶ್ನೆಯನ್ನು ಮನೆಯ ಜಗಲಿಯಲ್ಲಿ ಮಾತ್ರವಲ್ಲ, ಇಡೀ ದೇಶದ ಧರ್ಮಾಧ್ಯಕ್ಷರುಗಳೇ ಬಹಿರಂಗವಾಗಿ ಸರ್ಕಾರದ ಮುಂದಿಟ್ಟರು. ಅದಕ್ಕೆ ದೊರೆತ ಉತ್ತರ ಮತ್ತು ಆ ಉತ್ತರ ರೂಪುಗೊಂಡ ಬಗೆಯನ್ನು ನಾವು ತಿಳಿಯುವುದು ಒಳಿತು. ರೋಗದ ಕಾಲ ಮುಗಿದು ವರ್ಷಗಳು ಸಂದಿವೆ. ಅಂದಿನ ಕೋಪವನ್ನು ಇಂದು ಸಮಾಧಾನದಿಂದ ಪರಿಶೀಲಿಸಬಹುದಾಗಿದೆ.

ಮುಚ್ಚಿದ ಕಥೆಯನ್ನು ಮೊದಲು ನೋಡೋಣ. 2020ರ ಫೆಬ್ರವರಿ ಕೊನೆಯ ವಾರದಲ್ಲಿ ಉತ್ತರ ಇಟಲಿಯ ಲೊಂಬಾರ್ದಿ ಪ್ರಾಂತ್ಯದಲ್ಲಿ ಕೊರೊನಾ ರೋಗ ಕಾಣಿಸಿಕೊಂಡು ಕಾಳ್ಗಿಚ್ಚಿನಂತೆ ಹಬ್ಬಿತು. ಮಾರ್ಚ್ 8ರ ಆಜ್ಞೆಯಿಂದ ಸಾರ್ವಜನಿಕ ಬಲಿಪೂಜೆಗಳು ನಿಂತವು. ಶವಸಂಸ್ಕಾರದ ಪೂಜೆಗೂ ಅವಕಾಶವಿಲ್ಲವಾಯಿತು. ಮರುದಿನ ರಾತ್ರಿ ಇಡೀ ದೇಶಕ್ಕೇ ದಿಗ್ಬಂಧನ ಘೋಷಣೆಯಾಯಿತು. ಬೆರ್ಗಮೊ ನಗರದ ದಿನಪತ್ರಿಕೆಯಲ್ಲಿ ಎರಡು ಮೂರು ಪುಟಗಳಲ್ಲಿ ಮುಗಿಯುತ್ತಿದ್ದ ಮರಣವಾರ್ತೆಗಳು ಹತ್ತು ಪುಟಗಳಿಗೆ ಬೆಳೆದವು. ಮಾರ್ಚ್ 18ರ ರಾತ್ರಿ ಸೇನೆಯ ಲಾರಿಗಳು ಆ ಊರಿನ ಶವಪೆಟ್ಟಿಗೆಗಳನ್ನು ಹೊತ್ತು ಪರ ಊರುಗಳ ಚಿತಾಗಾರಗಳತ್ತ ಸಾಲಾಗಿ ಸಾಗಿದವು. ಬೆರ್ಗಮೊ ಧರ್ಮಪ್ರಾಂತ್ಯವೊಂದರಲ್ಲೇ ಇಪ್ಪತ್ತಕ್ಕೂ ಹೆಚ್ಚು ಗುರುಗಳು ಕೆಲವೇ ವಾರಗಳಲ್ಲಿ ಪ್ರಾಣ ತೆತ್ತರು. ತಾಯಿ ತಂದೆಯರನ್ನು ಕಳೆದುಕೊಂಡ ಮಕ್ಕಳು ಕೊನೆಯ ಬಾರಿ ಮುಖವನ್ನೂ ನೋಡಲಾರದೆ, ಪೂಜೆಯನ್ನೂ ಒಪ್ಪಿಸಲಾರದೆ ಮನೆಯೊಳಗೆ ಕುಳಿತರು.

ಆ ಭಯದ ದಿನಗಳಲ್ಲಿ ಗೊಣಗಿದವರು ಕಡಿಮೆ. ಏಕೆಂದರೆ ಮುಚ್ಚುವಾಗ ಎಲ್ಲವೂ ಒಟ್ಟಿಗೆ ಮುಚ್ಚಿತ್ತು. ಅಂಗಡಿ, ಶಾಲೆ, ನಾಟಕಶಾಲೆ, ದೇವಾಲಯ ಎಲ್ಲಕ್ಕೂ ಒಂದೇ ಬೀಗ. ಎಲ್ಲರಿಗೂ ಬಂದ ಕಷ್ಟದಲ್ಲಿ ಒಂದು ಬಗೆಯ ಸಮಾಧಾನವಿರುತ್ತದೆ. ತೆರೆಯುವಾಗ ಹಾಗಲ್ಲ. ಒಂದೊಂದಾಗಿ ತೆರೆಯಬೇಕೆಂದರೆ ಯಾವುದು ಮೊದಲು, ಯಾವುದು ನಂತರ ಎಂದು ಯಾರಾದರೂ ನಿರ್ಣಯಿಸಬೇಕು. ಆ ಪಟ್ಟಿಯಲ್ಲಿ ಪ್ರತಿಯೊಬ್ಬನೂ ತನ್ನ ಹೆಸರನ್ನು ಹುಡುಕುತ್ತಾನೆ. ತನ್ನದು ಕೆಳಗಿದ್ದರೆ ತನ್ನ ಬೆಲೆಯೇ ಕೆಳಗೆಂದು ಭಾವಿಸುತ್ತಾನೆ. ಸಡಿಲಿಕೆಯ ಕಾಲದ ಅಸಹನೆಯ ಮೂಲ ಇಲ್ಲಿದೆ.

ಇಟಲಿಯಲ್ಲಿ ಆ ಪಟ್ಟಿ ಹೊರಬಂದದ್ದು ಏಪ್ರಿಲ್ 26ರ ಭಾನುವಾರ ರಾತ್ರಿ. ಅಷ್ಟರಲ್ಲಿ 26 ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಪ್ರಧಾನಮಂತ್ರಿ ಜುಸೆಪ್ಪೆ ಕೊಂತೆಯವರು ದೂರದರ್ಶನದಲ್ಲಿ 'ಎರಡನೆಯ ಹಂತ'ವನ್ನು ಘೋಷಿಸಿದರು. ಮೇ 4ರಿಂದ ಕಾರ್ಖಾನೆಗಳು ಮತ್ತು ಕಟ್ಟಡ ಕಾಮಗಾರಿ ಆರಂಭ, ಉದ್ಯಾನವನಗಳು ತೆರೆಯುತ್ತವೆ, ಹೋಟೆಲುಗಳಿಂದ ಊಟ ಕಟ್ಟಿಸಿಕೊಂಡು ಹೋಗಬಹುದು. ಮೇ 18ರಿಂದ ಇತರ ಅಂಗಡಿಗಳು ಮತ್ತು ವಸ್ತುಸಂಗ್ರಹಾಲಯಗಳು. ಹೋಟೆಲಿನಲ್ಲಿ ಕುಳಿತು ತಿನ್ನುವುದಕ್ಕೂ ಕ್ಷೌರದಂಗಡಿಗಳಿಗೂ ಜೂನ್ 1ರವರೆಗೆ ಕಾಯಬೇಕು. ದೇವಾಲಯಗಳಿಗೆ ಸಿಕ್ಕಿದ್ದು ಒಂದೇ: ಹದಿನೈದು ಮಂದಿಗೆ ಮೀರದಂತೆ ಶವಸಂಸ್ಕಾರ. ಬಲಿಪೂಜೆಗೆ ದಿನಾಂಕವೇ ಇರಲಿಲ್ಲ.

ಅಸಮಾಧಾನ ಎಲ್ಲ ದಿಕ್ಕುಗಳಿಂದ ಎದ್ದಿತು. ಮೇ ಮೊದಲ ವಾರದಲ್ಲಿ ಮಿಲಾನ್ ನಗರದ ಹೋಟೆಲು ಮಾಲೀಕರು ಚೌಕದಲ್ಲಿ ಖಾಲಿ ಕುರ್ಚಿಗಳನ್ನು ಸಾಲಾಗಿಟ್ಟು ಪ್ರತಿಭಟಿಸಿದರು. ಹೊಸ ಆಜ್ಞೆ 'ಬಂಧುಗಳನ್ನು' ಭೇಟಿಯಾಗಬಹುದು ಎಂದಿತ್ತು. ಬಂಧುಗಳೆಂದರೆ ಯಾರು, ಮದುವೆ ನಿಶ್ಚಯವಾದವರು ಸೇರುತ್ತಾರೋ, ಆಪ್ತ ಗೆಳೆಯರು ಸೇರುತ್ತಾರೋ ಎಂದು ದೇಶವೆಲ್ಲ ತರ್ಕಿಸಿತು, ನಕ್ಕಿತು, ಸಿಟ್ಟಾಯಿತು. ಸರ್ಕಾರವೇ ಮತ್ತೆ ವಿವರಣೆ ಕೊಡಬೇಕಾಯಿತು.

ಇಟಲಿಯ ಧರ್ಮಾಧ್ಯಕ್ಷರ ಮಂಡಳಿ ಬೆಳಗಾಗುವುದನ್ನೂ ಕಾಯದೆ ಅದೇ ರಾತ್ರಿ ಪ್ರಕಟಣೆ ಹೊರಡಿಸಿತು. ಆರಾಧನೆಯ ಸ್ವಾತಂತ್ರ್ಯಕ್ಕೆ ಹೀಗೆ ಧಕ್ಕೆಯಾಗುವುದನ್ನು ತಾವು ಒಪ್ಪಲಾರೆವೆಂದು ಅದು ಸ್ಪಷ್ಟವಾಗಿ ಹೇಳಿತು. ಧರ್ಮಸಭೆ ಬಡವರಿಗೆ ಸಲ್ಲಿಸುತ್ತಿರುವ ಸೇವೆಯನ್ನು ಎಲ್ಲರೂ ಮೆಚ್ಚುತ್ತಾರೆ. ಆದರೆ ಆ ಸೇವೆ ಹುಟ್ಟುವುದು ವಿಶ್ವಾಸದಿಂದ, ಆ ವಿಶ್ವಾಸ ಪೋಷಣೆ ಪಡೆಯುವುದು ಸಂಸ್ಕಾರಗಳಿಂದ ಎಂಬುದು ಅದರ ವಾದದ ತಿರುಳು. ಈ ವಾದವನ್ನು ಲಘುವಾಗಿ ಎಣಿಸಬೇಡಿ. ಹಸಿದವನಿಗೆ ಅನ್ನ ಹೊತ್ತು ಹೋಗುವ ಕೈಗಳಿಗೆ ಬಲ ಎಲ್ಲಿಂದ ಬರುತ್ತದೆಂಬುದನ್ನು ಆಡಳಿತಕ್ಕೆ ನೆನಪಿಸಿದ ಮಾತು ಅದು.

ಎರಡು ದಿನಗಳ ನಂತರ, ಏಪ್ರಿಲ್ 28ರ ಮುಂಜಾನೆ, ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸ್ ಅವರು ಸಾಂತಾ ಮಾರ್ತಾ ನಿವಾಸದ ಪ್ರಾರ್ಥನಾಲಯದಲ್ಲಿ ಬಲಿಪೂಜೆಯನ್ನು ಆರಂಭಿಸುತ್ತಾ ಒಂದು ಕೋರಿಕೆಯನ್ನು ಮುಂದಿಟ್ಟರು. ದಿಗ್ಬಂಧನದಿಂದ ಹೊರಬರುವ ನಿಯಮಗಳು ಪ್ರಕಟವಾಗುತ್ತಿರುವ ಈ ಹೊತ್ತಿನಲ್ಲಿ, ರೋಗ ಮರಳಿ ಬಾರದಂತೆ, ದೇವರು ತಮ್ಮ ಜನರೆಲ್ಲರಿಗೂ ವಿವೇಕವನ್ನೂ ನಿಯಮಗಳಿಗೆ ವಿಧೇಯರಾಗುವ ವರವನ್ನೂ ದಯಪಾಲಿಸಲೆಂದು ಪ್ರಾರ್ಥಿಸಿದರು.

ಜಗದ್ಗುರುಗಳು ತಮ್ಮ ಧರ್ಮಾಧ್ಯಕ್ಷರನ್ನೇ ಕೈಬಿಟ್ಟರೆಂದು ಕೆಲವರು ಅಂದು ನೊಂದುಕೊಂಡರು. ಆದರೆ ಹಿಂದಿನ ವಾರಗಳನ್ನು ಸೇರಿಸಿ ನೋಡಿದರೆ ಚಿತ್ರ ಬೇರೆ. ಮಾರ್ಚ್ 12ರಂದು ರೋಮ್ ನಗರದ ಎಲ್ಲ ದೇವಾಲಯಗಳನ್ನೂ ಖಾಸಗಿ ಪ್ರಾರ್ಥನೆಗೂ ಮುಚ್ಚುವ ಆಜ್ಞೆ ಹೊರಟಾಗ, ಕಠೋರ ಕ್ರಮಗಳು ಯಾವಾಗಲೂ ಒಳ್ಳೆಯವಲ್ಲವೆಂದು ಮರುದಿನ ಎಚ್ಚರಿಸಿದವರು ಇದೇ ಪೋಪ್ ಫ್ರಾನ್ಸಿಸ್. ಅಂದೇ ಆ ಆಜ್ಞೆ ಸಡಿಲಗೊಂಡು ಧರ್ಮಕೇಂದ್ರಗಳ ದೇವಾಲಯಗಳು ತೆರೆದಿದ್ದವು. ಏಪ್ರಿಲ್ 17ರಂದು, ಪರದೆಯ ಮೇಲಿನ ಬಲಿಪೂಜೆ ಸಂಕಟಕಾಲದ ದಾರಿಯೇ ಹೊರತು ಅದೇ ಧರ್ಮಸಭೆಯಲ್ಲ, ಜನರೂ ಸಂಸ್ಕಾರಗಳೂ ಒಟ್ಟುಗೂಡಿದಾಗಲೇ ಧರ್ಮಸಭೆ ಎಂದು ಬೋಧಿಸಿದವರೂ ಅವರೇ. ಮುಚ್ಚಿದ ಬಾಗಿಲನ್ನು ಅವರು ಬಯಸಿದವರಲ್ಲ. ತೆರೆದ ಬಾಗಿಲಿನಿಂದ ಸಾವು ಒಳಬರುವುದನ್ನೂ ಬಯಸಿದವರಲ್ಲ.

ಈ ಎಚ್ಚರಕ್ಕೆ ಆ ನಾಡಿನಲ್ಲಿ ಹಳೆಯ ಕಾರಣವುಂಟು. ಮಿಲಾನ್ ನಗರವನ್ನು 1576ರಲ್ಲಿ ಪ್ಲೇಗು ಮುತ್ತಿದಾಗ ಅಲ್ಲಿನ ಮಹಾಧರ್ಮಾಧ್ಯಕ್ಷರು ಸಂತ ಚಾರ್ಲ್ಸ್ ಬೊರೊಮಿಯೊ. ಆರಂಭದಲ್ಲಿ ಅವರೂ ಪ್ರಾಯಶ್ಚಿತ್ತದ ಮೆರವಣಿಗೆಗಳನ್ನು ನಡೆಸಿದರು. ಮುಂದೆ ಜನರೆಲ್ಲ ಮನೆಯೊಳಗೇ ಇರಬೇಕೆಂಬ ಆಜ್ಞೆಯಾದಾಗ, ಬೀದಿಗಳು ಕೂಡುವೆಡೆ ಪೀಠಗಳನ್ನು ಕಟ್ಟಿಸಿ, ಜನರು ತಮ್ಮ ಕಿಟಕಿಗಳಿಂದಲೇ ಬಲಿಪೂಜೆಯಲ್ಲಿ ಭಾಗಿಗಳಾಗುವಂತೆ ಏರ್ಪಡಿಸಿದರು. 1630ರಲ್ಲಿ ಪ್ಲೇಗು ಅದೇ ನಗರಕ್ಕೆ ಮರಳಿತು. ಸಂತ ಚಾರ್ಲ್ಸರ ದೇಹವನ್ನು ಮೆರವಣಿಗೆಯಲ್ಲಿ ಒಯ್ಯಬೇಕೆಂದು ನಗರ ಪಟ್ಟುಹಿಡಿಯಿತು. ಅಂದಿನ ಮಹಾಧರ್ಮಾಧ್ಯಕ್ಷರೂ ಸಂತರ ಬಂಧುವೂ ಆಗಿದ್ದ ಕಾರ್ಡಿನಲ್ ಫೆಡೆರಿಕೊ ಬೊರೊಮಿಯೊ ಮೊದಲು ನಿರಾಕರಿಸಿದರು. ಒತ್ತಾಯ ಹೆಚ್ಚಿದಾಗ ಮಣಿದರು. ಜೂನ್ 11ರಂದು ನಗರಕ್ಕೆ ನಗರವೇ ಬೀದಿಗಿಳಿಯಿತು. ಆನಂತರದ ದಿನಗಳಲ್ಲಿ ಸಾವುಗಳು ವಿಪರೀತವಾಗಿ ಏರಿದವು. ಮಂಜೋನಿಯವರ ಪ್ರಸಿದ್ಧ ಕಾದಂಬರಿಯಿಂದಾಗಿ ಇಟಲಿಯ ಶಾಲಾಮಕ್ಕಳಿಗೂ ಈ ಘಟನೆ ಗೊತ್ತು. ಆ ಜನರ ಭಕ್ತಿಯಲ್ಲಿ ಕಪಟವಿರಲಿಲ್ಲ. ಆದರೆ ಆ ಭಕ್ತಿಯ ಜೊತೆಗೆ ಎಚ್ಚರವಿರಲಿಲ್ಲ.

ಮತ್ತೆ 2020ಕ್ಕೆ ಬರೋಣ. ಏಪ್ರಿಲ್ 26ರ ಕೋಪದ ನಂತರ ಧರ್ಮಾಧ್ಯಕ್ಷರು ಏನು ಮಾಡಿದರು? ಬೀಗ ಒಡೆಯಿರೆಂದು ಕರೆ ಕೊಡಲಿಲ್ಲ. ಬೇಸತ್ತು ಸುಮ್ಮನೆ ಕೂರಲೂ ಇಲ್ಲ. ಸರ್ಕಾರದೊಡನೆ ಮಾತುಕತೆಗೆ ಕುಳಿತರು. 'ತೆರೆಯಬೇಕೋ ಬೇಡವೋ' ಎಂಬ ಜಗಳ 'ಹೇಗೆ ತೆರೆದರೆ ಅಪಾಯವಿಲ್ಲ' ಎಂಬ ವಿಚಾರವಾಗಿ ಮಾರ್ಪಟ್ಟಿತು. ಹನ್ನೊಂದನೆಯ ದಿನ, ಮೇ 7ರಂದು, ಮಂಡಳಿಯ ಅಧ್ಯಕ್ಷ ಕಾರ್ಡಿನಲ್ ಗ್ವಾಲ್ತಿಯೆರೊ ಬಸ್ಸೆತ್ತಿ, ಪ್ರಧಾನಮಂತ್ರಿ ಕೊಂತೆ ಮತ್ತು ಗೃಹಮಂತ್ರಿ ಲುಚಾನಾ ಲಮೊರ್ಜೆಸೆ ಒಂದು ಒಪ್ಪಂದಕ್ಕೆ ಸಹಿ ಹಾಕಿದರು.

ಆ ಒಪ್ಪಂದದ ನಿಯಮಗಳನ್ನು ಓದಿದರೆ ನಮ್ಮ ಊರಿನ ದೇವಾಲಯವೇ ಕಣ್ಣಮುಂದೆ ಬರುತ್ತದೆ. ಒಬ್ಬರಿಂದೊಬ್ಬರಿಗೆ ಕನಿಷ್ಠ ಒಂದು ಮೀಟರ್ ಅಂತರ. ಅದಕ್ಕೆ ತಕ್ಕಂತೆ ಎಷ್ಟು ಜನ ಒಳಗಿರಬಹುದೆಂಬ ಲೆಕ್ಕ. ಎಲ್ಲರಿಗೂ ಮುಖಗವಸು. ಮೈಬಿಸಿ 37.5 ಡಿಗ್ರಿ ಮುಟ್ಟಿದವರಿಗೆ ಪ್ರವೇಶವಿಲ್ಲ. ಬಾಗಿಲ ಬಳಿಯ ತೀರ್ಥದ ಬಟ್ಟಲುಗಳು ಖಾಲಿ. ಶಾಂತಿಯ ಕುರುಹಾಗಿ ಕೈಕುಲುಕುವಂತಿಲ್ಲ. ಆರ್ಗನ್ ನುಡಿಸಬಹುದು, ಗಾಯನವೃಂದ ಬೇಡ. ಕಾಣಿಕೆಯ ತಟ್ಟೆ ಸುತ್ತಾಡುವಂತಿಲ್ಲ, ಪೆಟ್ಟಿಗೆಯಲ್ಲಿ ಹಾಕಬೇಕು. ಪರಮಪ್ರಸಾದವನ್ನು ನೀಡುವ ಮುನ್ನ ಗುರುಗಳು ಕೈಗಳನ್ನು ಶುದ್ಧಿಮಾಡಿಕೊಳ್ಳಬೇಕು. ಭಕ್ತರ ಕೈಗಳನ್ನು ತಾಕದಂತೆ ನೀಡಬೇಕು.

ಮೇ 18ರಂದು ಇಟಲಿಯ ದೇವಾಲಯಗಳಲ್ಲಿ ಜನರೊಂದಿಗೆ ಬಲಿಪೂಜೆ ಮತ್ತೆ ಆರಂಭವಾಯಿತು. ಅದು ಸಂತ ಎರಡನೆಯ ಜಾನ್ ಪಾಲರು ಜನಿಸಿ ನೂರು ವರ್ಷ ತುಂಬಿದ ದಿನ. ಸಂತ ಪೇತ್ರರ ಮಹಾದೇವಾಲಯದಲ್ಲಿ ಅವರ ಸಮಾಧಿಯ ಬಳಿ ಪೋಪ್ ಫ್ರಾನ್ಸಿಸ್ ಅಂದು ಬಲಿಪೂಜೆ ಅರ್ಪಿಸಿದರು. ದಿಗ್ಬಂಧನದುದ್ದಕ್ಕೂ ಲಕ್ಷಾಂತರ ಮನೆಗಳನ್ನು ತಲುಪುತ್ತಿದ್ದ ಅವರ ದಿನನಿತ್ಯದ ಪೂಜೆಯ ನೇರ ಪ್ರಸಾರ ಅಂದಿಗೆ ನಿಂತಿತು. ಜನ ಪರದೆಯನ್ನು ಬಿಟ್ಟು ತಮ್ಮ ತಮ್ಮ ದೇವಾಲಯಗಳಿಗೆ ಮರಳಲಿ ಎಂಬುದೇ ಅದರ ಆಶಯ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಚಳಿಗಾಲಕ್ಕೆ ಮುನ್ನ ರೋಗ ಮರಳಿತು. 2020ರಲ್ಲಿ ಇಟಲಿಯಲ್ಲಿ ಈ ರೋಗದಿಂದ ಸತ್ತವರು 74 ಸಾವಿರಕ್ಕೂ ಮಿಕ್ಕಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸತ್ತದ್ದು ಮೇ ತಿಂಗಳು ಕಳೆದ ಮೇಲೆ. ಒಪ್ಪಂದಕ್ಕೆ ಸಹಿ ಹಾಕಿದ ಕಾರ್ಡಿನಲ್ ಬಸ್ಸೆತ್ತಿಯವರಿಗೂ ಅಕ್ಟೋಬರ್ ಕೊನೆಯಲ್ಲಿ ಸೋಂಕು ತಗುಲಿತು. ತೀವ್ರ ನಿಗಾ ಘಟಕದಲ್ಲಿದ್ದು, ಗುಣಮುಖರಾಗಿ ಬಂದರು. ನವೆಂಬರ್ 6ರಿಂದ ಲೊಂಬಾರ್ದಿ ಮತ್ತೆ 'ಕೆಂಪು ವಲಯ'ವಾಯಿತು. ಹೋಟೆಲುಗಳು, ಅಂಗಡಿಗಳು, ವಸ್ತುಸಂಗ್ರಹಾಲಯಗಳು ಮುಚ್ಚಿದವು. ಆದರೆ ಈ ಸಲ ದೇವಾಲಯಗಳಲ್ಲಿ ಬಲಿಪೂಜೆ ನಿಲ್ಲಲಿಲ್ಲ. ಮೇ 7ರ ಒಪ್ಪಂದ ಕೈಯಲ್ಲಿತ್ತು. ಅದರಂತೆ ನಡೆಯುವ ಶಿಸ್ತು ಜನರಿಗೆ ರೂಢಿಯಾಗಿತ್ತು. ರಾತ್ರಿ ಹತ್ತರ ಕರ್ಫ್ಯೂ ಇದ್ದುದರಿಂದ ಕ್ರಿಸ್ತಜಯಂತಿಯ ನಡುರಾತ್ರಿಯ ಪೂಜೆಯನ್ನು ಸಂಜೆಗೇ ಹಿಂದೂಡಿದರು, ಅಷ್ಟೆ. ಏಪ್ರಿಲ್‌ನಲ್ಲಿ ಎಲ್ಲಕ್ಕಿಂತ ಹಿಂದೆ ಬಿದ್ದಿದ್ದ ಬಾಗಿಲು ನವೆಂಬರ್‌ನಲ್ಲಿ ತೆರೆದೇ ಉಳಿಯಿತು.

ಇದರಲ್ಲಿ ನಮಗೇನಿದೆ ಎಂದು ನೀವು ಕೇಳಬಹುದು. ಧರ್ಮಾಧ್ಯಕ್ಷರ ದೂರು ನ್ಯಾಯವಾದದ್ದಾಗಿತ್ತು. ಅವರು ದನಿಯೆತ್ತದಿದ್ದರೆ ಆ ಪಟ್ಟಿಯಲ್ಲಿ ಬಲಿಪೂಜೆಗೆ ದಿನಾಂಕ ಅಷ್ಟು ಬೇಗ ಬರುತ್ತಿತ್ತೆಂದು ಹೇಳಲಾಗದು. ಜಗದ್ಗುರುಗಳ ಎಚ್ಚರವೂ ನ್ಯಾಯವಾದದ್ದಾಗಿತ್ತು. ಆ ವಿವೇಕವಿಲ್ಲದಿದ್ದರೆ ದೂರು ಹಟವಾಗಿ, 1630ರ ಮೆರವಣಿಗೆಯ ದಾರಿಯನ್ನೇ ಹಿಡಿಯಬಹುದಿತ್ತು. ತಾಳ್ಮೆ ಎಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ. ನ್ಯಾಯ ಕೇಳುವುದೆಂದರೆ ನಿಯಮ ಮುರಿಯುವುದೂ ಅಲ್ಲ. ಎರಡೂ ಒಟ್ಟಿಗೆ ನಡೆದದ್ದರಿಂದಲೇ ಹನ್ನೊಂದು ದಿನಗಳಲ್ಲಿ ಸುರಕ್ಷಿತವಾದ ದಾರಿಯೊಂದು ಹೊಳೆಯಿತು.

ನಮ್ಮ ಮನೆಗಳಲ್ಲಿಯೂ ಆ ದಿನಗಳಲ್ಲಿ ಎರಡೂ ದನಿಗಳಿದ್ದವು. "ಇನ್ನೆಷ್ಟು ದಿನ?" ಎಂದು ಜಪಸರ ಹಿಡಿದು ಕೇಳಿದ ಅಜ್ಜಿ ಒಂದು ಕಡೆ, "ಅಜ್ಜಿಗೆ ಏನಾದರೂ ಆದರೆ?" ಎಂದು ತಡೆದ ಮಗಳು ಇನ್ನೊಂದು ಕಡೆ. ಇಬ್ಬರದೂ ಪ್ರೀತಿಯೇ ಆಗಿತ್ತು. ಆ ಮಾತುಗಳಿಂದ ಯಾರ ಮನೆಯಲ್ಲಾದರೂ ಇನ್ನೂ ಮುನಿಸು ಉಳಿದಿದ್ದರೆ, ಅದನ್ನು ಕಳೆದುಕೊಳ್ಳಲು ಇದು ಸಮಯ.

ಮುಂದಿನ ಭಾನುವಾರ ನಿಮ್ಮ ದೇವಾಲಯದ ಬೆಂಚಿನಲ್ಲಿ ಕುಳಿತಾಗ ಒಮ್ಮೆ ಕೆಳಗೆ ನೋಡಿ. ಅಂತರ ಕಾಯಲೆಂದು ಅಂದು ಅಂಟಿಸಿದ ಪಟ್ಟಿಯ ಗುರುತು ಎಲ್ಲಾದರೂ ಇನ್ನೂ ಉಳಿದಿರಬಹುದು. ಆ ಗುರುತಿನ ಆಚೆ ಈಚೆ ಇಂದು ಜನ ಒತ್ತಾಗಿ ಕುಳಿತಿದ್ದಾರೆ. ಶಾಂತಿಯನ್ನು ಹಂಚಿಕೊಳ್ಳುವ ಹೊತ್ತಿಗೆ ಪಕ್ಕದವರತ್ತ ತಿರುಗಿದಾಗ, ಆ ಸಾಮೀಪ್ಯಕ್ಕಾಗಿ ಒಮ್ಮೆ ಕಾದಿದ್ದೆವೆಂಬುದನ್ನು ನೆನೆಯೋಣ. ನಮ್ಮೊಡನೆ ಕಾದು, ಬಾಗಿಲು ತೆರೆಯುವ ದಿನವನ್ನು ನೋಡದೆ ಹೋದವರನ್ನೂ ನೆನೆಯೋಣ.