ಇನ್ಸುಲಿನ್ನಿನ ಇತಿಹಾಸದಲ್ಲಿ ಹನ್ನೆರಡು ದಿವಸಗಳು

ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಚರಕಸಂಹಿತೆಯು ಪ್ರಮೇಹದ ಪೂರ್ವರೂಪಗಳಲ್ಲಿ ಎಣಿಸಿದೆ. ಲಕ್ಷಣದ ಅರಿವು ಇಷ್ಟು ಪ್ರಾಚೀನವಾದರೂ ರೋಗದ ನೆಲೆಯು ಸ್ಪಷ್ಟವಾದುದು ೧೮೮೯ರಲ್ಲಿ. ಆ ವರ್ಷ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ವೈದ್ಯರು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆಯಲು, ಅದಕ್ಕೆ ಮಧುಮೇಹವುಂಟಾಯಿತು. ಶರ್ಕರೆಯನ್ನು ದೇಹಕ್ಕೆ ಒಗ್ಗಿಸುವ ದ್ರವ್ಯವೊಂದು ಆ ಗ್ರಂಥಿಯಲ್ಲಿರಬೇಕೆಂದು ಹಲವರು ಊಹಿಸಿದರು. ಅದನ್ನು ಬೇರ್ಪಡಿಸುವ ಬಗೆ ಮಾತ್ರ ತಿಳಿಯಲಿಲ್ಲ.

೧೯೨೧ರ ಬೇಸಗೆಯಲ್ಲಿ ಕೆನಡಾ ದೇಶದ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ, ಮ್ಯಾಕ್ಲೌಡ್ ಪಂಡಿತನ ಪ್ರಯೋಗಶಾಲೆಯೊಳಗೆ, ಬ್ಯಾಂಟಿಂಗ್ ಎಂಬ ಶಸ್ತ್ರವೈದ್ಯನೂ ಬೆಸ್ಟ್ ಎಂಬ ತರುಣನೂ ನಾಯಿಗಳ ಮೇಲೆ ಪ್ರಯೋಗ ನಡೆಸಿ ಈ ಸಾರವನ್ನು ಪಡೆದ ವೃತ್ತಾಂತವು ಸುಪ್ರಸಿದ್ಧವು. ಕಥೆಯನ್ನು ಇಲ್ಲಿಗೇ ಮುಗಿಸುವವರು ಅನೇಕರು. ಹಾಗೆ ಮುಗಿಸಿದರೆ ಒಬ್ಬನಿಗೆ ಅನ್ಯಾಯವಾಗುವುದೆಂದು ನನ್ನ ಮತ.

೧೯೨೨ನೆಯ ಜನವರಿ ೧೧ರಂದು ಅಲ್ಲಿಯ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಬಾಲಕನು ಅಸ್ಥಿಪಂಜರದಂತೆ ಮಲಗಿದ್ದನು. ಆ ಕಾಲಕ್ಕೆ ಇದ್ದ ಚಿಕಿತ್ಸೆಯೆಂದರೆ ಉಪವಾಸಪ್ರಾಯವಾದ ಪಥ್ಯ. ಅದು ಮರಣವನ್ನು ಮುಂದೂಡುತ್ತಿತ್ತೇ ಹೊರತು ತಪ್ಪಿಸುತ್ತಿರಲಿಲ್ಲ. ಬ್ಯಾಂಟಿಂಗ್-ಬೆಸ್ಟರ ಸಾರವನ್ನು ಚುಚ್ಚಲು, ರಕ್ತದ ಶರ್ಕರೆಯು ಕೊಂಚ ಇಳಿಯಿತು; ಚುಚ್ಚಿದ ಒಂದೆಡೆ ಬಾವೆದ್ದಿತು. ಸಾರದಲ್ಲಿ ಕಲ್ಮಷವು ಉಳಿದಿದ್ದುದರಿಂದ ವೈದ್ಯರು ಪ್ರಯೋಗವನ್ನು ನಿಲ್ಲಿಸಿದರು.

ಮುಂದಿನ ಕಾರ್ಯವು ಜೇಮ್ಸ್ ಕಾಲಿಪ್ ಎಂಬ ಜೀವರಸಾಯನಜ್ಞನದು. ಸಾರಕ್ಕೆ ಮದ್ಯಸಾರವನ್ನು ಸೇರಿಸುತ್ತ ಹೋದರೆ, ಒಂದು ಪ್ರಮಾಣದಲ್ಲಿ ಬೇಡದ ಪ್ರೋಟೀನುಗಳು ಗಸಿಯಾಗಿ ಕೆಳಗಿಳಿದು ಇನ್ಸುಲಿನ್ ಮಾತ್ರ ದ್ರವದಲ್ಲಿ ಉಳಿಯುವುದೆಂದೂ, ಪ್ರಮಾಣವನ್ನು ಇನ್ನೂ ಏರಿಸಿದರೆ ಇನ್ಸುಲಿನ್ನೂ ಕೆಳಗಿಳಿಯುವುದೆಂದೂ ಆತನು ಕಂಡುಕೊಂಡನು. ಪಾಕದ ಎಳೆಯನ್ನು ನೋಡಿ ಒಲೆಯಿಂದಿಳಿಸುವ ನಮ್ಮ ಗೃಹಿಣಿಯರಿಗೆ ಹದವೆಂದರೇನೆಂದು ವಿವರಿಸಬೇಕಾಗಿಲ್ಲ. ಜನವರಿ ೨೩ರಂದು ಈ ಶುದ್ಧ ಸಾರವನ್ನು ಅದೇ ಬಾಲಕನಿಗೆ ಕೊಡಲು, ೧೦೦ ಮಿಲಿಲೀಟರು ರಕ್ತದಲ್ಲಿ ೫೨೦ ಮಿಲಿಗ್ರಾಮಿನಷ್ಟಿದ್ದ ಶರ್ಕರೆಯು ಒಂದೇ ದಿನದಲ್ಲಿ ೧೨೦ಕ್ಕೆ ಇಳಿಯಿತು. ಬಾಲಕನು ೧೯೩೫ರವರೆಗೆ ಬದುಕಿದನು.

ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ತಮ್ಮ ಪೇಟೆಂಟ್ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಮಾರಿಬಿಟ್ಟರು. ಹಣವನ್ನು ತೊರೆದವರಿಗೆ ಕೀರ್ತಿಯನ್ನು ತೊರೆಯುವುದು ಅಷ್ಟು ಸುಲಭವಾಗಲಿಲ್ಲ. ಅವರೊಳಗೆ ವೈಮನಸ್ಯವು ಬೆಳೆದಿತ್ತು. ೧೯೨೩ರ ನೊಬೆಲ್ ಪಾರಿತೋಷಕವು ಬ್ಯಾಂಟಿಂಗ್, ಮ್ಯಾಕ್ಲೌಡ್ ಇಬ್ಬರಿಗೆ ಮಾತ್ರ ಬರಲು, ಬ್ಯಾಂಟಿಂಗನು ತನ್ನ ಹಣದಲ್ಲಿ ಅರ್ಧವನ್ನು ಬೆಸ್ಟನಿಗೆ ಕೊಟ್ಟನು. ಮ್ಯಾಕ್ಲೌಡನು ತನ್ನದರಲ್ಲಿ ಅರ್ಧವನ್ನು ಕಾಲಿಪನಿಗೆ ಕೊಟ್ಟನು. ಬುಖಾರೆಸ್ಟಿನ ಪೌಲೆಸ್ಕು ಎಂಬ ವಿದ್ವಾಂಸನು ೧೯೨೧ರಲ್ಲಿಯೇ ಇಂತಹ ಸಾರವನ್ನು ಕುರಿತು ಲೇಖನವನ್ನು ಪ್ರಕಟಿಸಿದ್ದನು. ಆತನಿಗೆ ಯಾವ ಪಾಲೂ ಸಲ್ಲಲಿಲ್ಲ.