ಬಾಲ್ಯವಿವಾಹ: ಪಂಚಾಯಿತಿ ಕೆಲಸ ಮುಚ್ಚಳಿಕೆಗೆ ಮುಗಿಯಲ್ಲ

1098ಕ್ಕೆ ಕರೆ ಬರುತ್ತೆ, ಜೀಪು ಹೋಗುತ್ತೆ, ಮದುವೆ ನಿಲ್ಲುತ್ತೆ, ಅಪ್ಪ-ಅಮ್ಮ ಮುಚ್ಚಳಿಕೆ ಬರೆದುಕೊಡ್ತಾರೆ. ಸುದ್ದಿ ಅಲ್ಲಿಗೆ ಮುಗಿಯುತ್ತೆ. ನಾನು ಕೇಳೋದು ಮರುದಿನದ ಬಗ್ಗೆ: ಆ ಹುಡುಗಿ ಈಗ ಯಾರ ಹೊಣೆ?

ಬಾಲ್ಯವಿವಾಹ ನಿಷೇಧ ಕಾಯ್ದೆ, 2006ರ 16ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರ ನಿಷೇಧಾಧಿಕಾರಿಗಳನ್ನು ನೇಮಿಸಬೇಕು. ಕರ್ನಾಟಕದಲ್ಲಿ ಆ ಪಟ್ಟಿ ದೊಡ್ಡದು, ಗ್ರಾಮ ಪಂಚಾಯಿತಿಯ ಪಿಡಿಒ ಕೂಡ ಅದರಲ್ಲಿದ್ದಾರೆ. ಅಂದರೆ ಮನೆ ಕಂದಾಯ, ಕುಡಿಯುವ ನೀರು, ಬೀದಿದೀಪದ ತಲೆನೋವಿನ ಜೊತೆಗೆ ಇದೂ ಅವರದ್ದೇ.

ಅವರ ಕೈಲಿ ಮುಚ್ಚಳಿಕೆಗಿಂತ ಗಟ್ಟಿಯಾದ ಅಸ್ತ್ರ ಇದೆ. 13ನೇ ಸೆಕ್ಷನ್ ಅಡಿ ಮ್ಯಾಜಿಸ್ಟ್ರೇಟ್ ಹತ್ತಿರ ತಡೆಯಾಜ್ಞೆ ತರಬಹುದು. ಗೊತ್ತಿದ್ದೂ ಅದನ್ನು ಮೀರಿದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. (ಹೆಂಗಸರಿಗೆ ಜೈಲುಶಿಕ್ಷೆ ಇಲ್ಲ.) ಬರೀ ಮುಚ್ಚಳಿಕೆ ಆದರೆ, ಬೇರೆ ಊರಿನ ನೆಂಟರ ಮನೆಯಲ್ಲಿ, ಬೇರೆ ದಿನ, ಸದ್ದಿಲ್ಲದೆ ತಾಳಿ ಕಟ್ಟಿಸೋದು ಕಷ್ಟವೇನಲ್ಲ.

ಆದರೆ ಕೋರ್ಟ್ ಆದೇಶ ಹುಡುಗಿಯನ್ನು ಶಾಲೆಗೆ ಕಳಿಸಲ್ಲ. ಹೈಸ್ಕೂಲಿಗೆ ಬಸ್ಸಿಲ್ಲ, ಅಪ್ಪನಿಗೆ ಸಾಲ, ಬೆಳೆದ ಮಗಳು ಮನೆಯಲ್ಲಿದ್ದಾಳೆ ಅನ್ನೋ ಊರಿನ ಮಾತು, ಯಾವುದೂ ಬದಲಾಗಿರಲ್ಲ. ಹಾಜರಿ ಹೆಡ್‌ಮಾಸ್ಟರ್‌ಗೆ ಗೊತ್ತು, ಮನೆ ಪರಿಸ್ಥಿತಿ ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ಗೊತ್ತು. ಮನೆಯಲ್ಲೇ ಅಪಾಯ ಇದ್ದರೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಇದೆ. ಇವರನ್ನೆಲ್ಲ ತಿಂಗಳಿಗೊಮ್ಮೆಯಾದರೂ ಒಂದೇ ಮೇಜಿಗೆ ಕೂರಿಸೋಕೆ ಊರಿಗೆ ಹತ್ತಿರದ ಕಚೇರಿ ಪಂಚಾಯಿತಿಯೇ ಅಂತ ನನ್ನ ಅಭಿಪ್ರಾಯ.

ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ನಿಮ್ಮೂರಲ್ಲಿ ನಡೆದರೆ ಹೋಗಿ, ಪಿಡಿಒ ಅವರನ್ನು ಕೇಳಿ: ಮದುವೆ ನಿಲ್ಲಿಸಿದ ಹುಡುಗಿಯರಲ್ಲಿ ಈಗ ಎಷ್ಟು ಜನ ತರಗತಿಯಲ್ಲಿದ್ದಾರೆ? ಹೆಸರು ಕೇಳಬೇಡಿ, ಸಂಖ್ಯೆ ಸಾಕು.