ಖುಲ್ದಾಬಾದಿನಿಂದ ವೇರೂಳಿಗೆ, ಕಾಲ್ನಡಿಗೆಯಲ್ಲಿ

ನಾಸಿಕ್‌ನಲ್ಲಿದ್ದಾಗ ಸಂಜೆಯಾದರೆ ಗೋದಾವರಿಯ ದಂಡೆಯಲ್ಲಿ ನಡೆಯುವುದು ನನ್ನ ಅಭ್ಯಾಸವಾಗಿತ್ತು. ಈಗ ಛತ್ರಪತಿ ಸಂಭಾಜಿನಗರಕ್ಕೆ ಬಂದು ನಾಲ್ಕು ವರ್ಷ. ಇಲ್ಲಿ ನನಗೆ ಸಿಕ್ಕ ಹೊಸ ದಾರಿ ಖುಲ್ದಾಬಾದ್ ಎಂಬ ಪುಟ್ಟ ಊರಿನಿಂದ ಘಾಟಿ ಇಳಿದು ವೇರೂಳಿಗೆ, ಅಂದರೆ ನಾವೆಲ್ಲ ಎಲ್ಲೋರಾ ಎನ್ನುವ ಊರಿಗೆ, ಹೋಗುವ 4-5 ಕಿ.ಮೀ. ದಾರಿ. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತ ಬೆನ್ನಿಗೆ ಇದಕ್ಕಿಂತ ಒಳ್ಳೆಯ ಔಷಧ ನನಗೆ ಗೊತ್ತಿಲ್ಲ.

ಕಳೆದ ಡಿಸೆಂಬರಿನಲ್ಲಿ ಮೂರನೇ ತರಗತಿಯ ಮಗಳನ್ನೂ ಕರೆದುಕೊಂಡು ಹೊರಟೆ. ಅದಕ್ಕೊಂದು ಕಾರಣವಿತ್ತು. ಆಟದ ನಡುವೆ ಜಗಳವಾದಾಗ ಗೆಳತಿಯೊಬ್ಬಳು "ನೀವು ಹೊರಗಿನವರು" ಎಂದಿದ್ದಳಂತೆ. "ಅಮ್ಮಾ, ನಾವು ಹೊರಗಿನವರಾ?" ಎಂದು ಎರಡು ದಿನ ಕೇಳುತ್ತಲೇ ಇದ್ದಳು. ಶನಿವಾರ ನಡೆಯುತ್ತಾ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೆ. ನಿಜ ಹೇಳಬೇಕೆಂದರೆ ಉತ್ತರ ನನ್ನ ಬಳಿಯೂ ಇರಲಿಲ್ಲ.

ಖುಲ್ದಾಬಾದಿನ ಹಳೆಯ ದರ್ವಾಜಾ ದಾಟಿದರೆ ಕಿರಿದಾದ ಬೀದಿಗಳು, ಚಹಾದಂಗಡಿಗಳು, ದರ್ಗಾಗಳು. ತುಘಲಕ್ ದಿಲ್ಲಿಯ ಜನರನ್ನು ದೌಲತಾಬಾದಿಗೆ ಕಳಿಸಿದ ಕಾಲದಲ್ಲಿ ಬಂದ ಸೂಫಿ ಬುರ್ಹಾನುದ್ದೀನ್ ಗರೀಬ್ ಇಲ್ಲೇ ಮಲಗಿದ್ದಾರೆ. 1707ರಲ್ಲಿ ತೀರಿಕೊಂಡ ಔರಂಗಜೇಬನ ಸಮಾಧಿಗೆ ಮೇಲೆ ಚಾವಣಿಯೇ ಇಲ್ಲ. ಊರ ಹೊರಗಿನ ಗುಮ್ಮಟ ಮಲಿಕ್ ಅಂಬರನದು. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಅಹಮದ್‌ನಗರದ ನಿಜಾಮಶಾಹಿಯ ಆಡಳಿತವನ್ನೇ ಕೈಗೆ ತೆಗೆದುಕೊಂಡವನು. 1610ರಲ್ಲಿ ಅವನು ಖಡ್ಕಿ ಎಂಬ ಊರು ಕಟ್ಟಿದ. ನಾವೀಗ ಬಾಡಿಗೆ ಮನೆ ಮಾಡಿಕೊಂಡಿರುವ ಶಹರವೇ ಅದು. "ಅಷ್ಟು ದೂರದಿಂದಾನಾ?" ಎಂದು ಮಗಳು ಕಣ್ಣರಳಿಸಿದಳು. ಭೂಪಟದಲ್ಲಿ ತೋರಿಸಬೇಕಾಯಿತು, ಅಲ್ಲಿ ನೆಟ್‌ವರ್ಕ್ ಸಿಗುವವರೆಗೆ ಕಾದು.

ಭದ್ರ ಮಾರುತಿಗೆ ಕೈಮುಗಿದು ಘಾಟಿ ಇಳಿದೆವು. ಇಲ್ಲಿಯ ಹನುಮಂತ ನಿಂತಿಲ್ಲ, ಮಲಗಿದ್ದಾನೆ. ಅದೇನೋ ಅವಳಿಗೆ ಬಹಳ ಹಿಡಿಸಿತು.

ವೇರೂಳಿನ ಕೈಲಾಸವನ್ನು ಎಲ್ಲರೂ ಕೆಳಗಿನಿಂದ ನೋಡುತ್ತಾರೆ. ನೀವು ದಯವಿಟ್ಟು ಪಕ್ಕದ ಗುಡ್ಡ ಹತ್ತಿ ಮೇಲಿನಿಂದ ನೋಡಿ. (ಮಂಗಳವಾರ ಮಾತ್ರ ಹೋಗಬೇಡಿ, ರಜೆ. ನಾನು ಒಮ್ಮೆ ಹೋಗಿ ಪೆಚ್ಚಾಗಿದ್ದೇನೆ.) ಶಿಖರ ಕಾಲಬುಡದಲ್ಲೇ ಕಾಣುತ್ತದೆ. ಆಗಲೇ ಅರ್ಥವಾಗುವುದು, ಇದು ಕಟ್ಟಿದ ಗುಡಿಯಲ್ಲ, ಮೇಲಿನಿಂದ ಕೆಳಕ್ಕೆ ಕೊರೆದು ತೆಗೆದ ಗುಡಿ ಎಂದು. ನಮ್ಮ ಕೆಲಸದಲ್ಲಿ ತಪ್ಪಾದರೆ ಹಿಂದಿನ ವರ್ಷನ್‌ಗೆ ಮರಳಬಹುದು. ಇಲ್ಲಿ ಒಂದು ಉಳಿ ಏಟು ಹೆಚ್ಚಾದರೂ ಹೋದ ಕಲ್ಲು ಹೋಯಿತು.

ಇದನ್ನು ಮಾಡಿಸಿದವನು ಎಂಟನೆಯ ಶತಮಾನದ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣ. ಕೆಲಸ ಅವನ ಹಿಂದಿನ ದಂತಿದುರ್ಗನ ಕಾಲದಲ್ಲೇ ಆರಂಭವಾಗಿರಬಹುದು, ನಂತರವೂ ಮುಂದುವರಿದಿರಬಹುದು ಎನ್ನುವ ವಿದ್ವಾಂಸರಿದ್ದಾರೆ. ದಂತಿದುರ್ಗನ ಶಾಸನ ಪಕ್ಕದ 15ನೇ ಗುಹೆಯಲ್ಲಿದೆ, ಸಂಸ್ಕೃತದಲ್ಲಿ. 812ರ ಸುಮಾರಿನ ಬರೋಡಾ ತಾಮ್ರಪಟವಂತೂ ಈ ಗುಡಿಯನ್ನು ಮಾಡಿದ ಶಿಲ್ಪಿಯೇ ಕೊನೆಗೆ ತನ್ನ ಕೆಲಸ ಕಂಡು ಬೆರಗಾದ ಎಂಬ ಅರ್ಥದಲ್ಲಿ ಹೊಗಳುತ್ತದೆ. ಇದೇ ವಂಶದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತು. ಅದು ಕನ್ನಡನಾಡಿನ ಉತ್ತರದ ಗಡಿ ಎಂದು ಹೇಳುವುದು ನಾನು ನಾಸಿಕ್‌ನಲ್ಲಿ ದಿನಾ ಸಂಜೆ ನೋಡುತ್ತಿದ್ದ ಗೋದಾವರಿಯನ್ನೇ.

ನಮ್ಮ ವೇದಿಕೆಯವರಿಗೆ ಇನ್ನೊಂದು ಮಾತು ಹೇಳಲೇಬೇಕು. ಕೈಲಾಸದ ವಿನ್ಯಾಸ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಬಹಳ ಹೋಲುತ್ತದೆ. ಅದನ್ನು 740ರ ಸುಮಾರಿಗೆ ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಗಂಡ ಎರಡನೆಯ ವಿಕ್ರಮಾದಿತ್ಯನ ಕಂಚಿ ವಿಜಯದ ನೆನಪಿಗೆ. ಮರಾಠಿ ಐತಿಹ್ಯದಲ್ಲೂ ಒಬ್ಬ ರಾಣಿ ಬರುತ್ತಾಳೆ: ರಾಜನ ಕಾಯಿಲೆ ವಾಸಿಯಾದರೆ ಗುಡಿ ಕಟ್ಟಿಸುವೆ, ಶಿಖರ ಕಾಣುವವರೆಗೆ ಊಟ ಮಾಡಲಾರೆ ಎಂದು ಹರಕೆ ಹೊತ್ತವಳು. ಪೈಠಣದ ಕೋಕಸನೆಂಬ ಶಿಲ್ಪಿ ಶಿಖರದಿಂದಲೇ ಕೆತ್ತನೆ ಶುರು ಮಾಡಿ ಒಂದು ವಾರದಲ್ಲಿ ಅವಳ ಉಪವಾಸ ಬಿಡಿಸಿದನಂತೆ. ಇದು ಇತಿಹಾಸವಲ್ಲ, ಆದರೆ ಯಾಕೆ ಮೇಲಿನಿಂದ ಕೆತ್ತಿದರು ಎನ್ನುವುದಕ್ಕೆ ನಾನು ಕೇಳಿದ ಅತಿ ಚೆಂದದ ವಿವರಣೆ.

ಇಷ್ಟೆಲ್ಲ ಹೇಳಿ, ಸ್ವಲ್ಪ ಗರ್ವದಿಂದಲೇ, "ನೋಡು, ನಮ್ಮವರು 1,200 ವರ್ಷದ ಹಿಂದೆಯೇ ಇಲ್ಲಿದ್ದರು" ಎಂದೆ. ಮಗಳು ತಕ್ಷಣ, "ಹಾಗಾದರೆ ಅವಳಿಗೆ ನೀವೇ ಹೊರಗಿನವರು ಅಂತ ಹೇಳಲಾ?" ಎಂದಳು. ನನಗೆ ನಾಚಿಕೆಯಾಯಿತು. ನಾನು ಹೇಳಿಕೊಡಲು ಹೊರಟಿದ್ದು ಇದನ್ನಲ್ಲ.

ಮಾತಾಡದೆ ಊರೊಳಗೆ ನಡೆದೆವು. ಅಹಲ್ಯಾಬಾಯಿ ಹೋಳ್ಕರ್ ಜೀರ್ಣೋದ್ಧಾರ ಮಾಡಿಸಿದ ಘೃಷ್ಣೇಶ್ವರನ ದರ್ಶನ ಮಾಡಿದೆವು. ವೇರೂಳು ಭೋಸಲೆಯವರ ಊರು. ಶಿವಾಜಿಯ ಅಜ್ಜ ಮಾಲೋಜಿ ಇಲ್ಲಿಯ ಪಾಟೀಲ. ಮಾಲೋಜಿಯ ಮಗ ಶಹಾಜಿ ಬಿಜಾಪುರದ ಆದಿಲಶಾಹಿಯ ಸೇವೆಯಲ್ಲಿ ಬೆಂಗಳೂರಿಗೆ ಹೋದ, ಅದನ್ನು ಜಹಗೀರಾಗಿ ಪಡೆದ. 1664ರಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ಸತ್ತ. ಅವನ ಸಮಾಧಿ ಚನ್ನಗಿರಿ ಹತ್ತಿರದ ಹೊದಿಗೆರೆಯಲ್ಲಿದೆ.

"ಹೊದಿಗೆರೆ ಅಜ್ಜಿ ಊರಿನ ಕಡೆನಾ?"

"ಹೌದು, ದಾವಣಗೆರೆ ಕಡೆ."

ಸ್ವಲ್ಪ ಹೊತ್ತು ಸುಮ್ಮನೆ ನಡೆದಳು. ಆಮೇಲೆ, ಬೇಸಿಗೆ ರಜೆಯಲ್ಲಿ ಆ ಗೆಳತಿಯನ್ನು ಅಜ್ಜಿಯ ಊರಿಗೆ ಕರೆದುಕೊಂಡು ಹೋಗಿ ಹೊದಿಗೆರೆ ತೋರಿಸಬಹುದಾ ಎಂದು ಕೇಳಿದಳು. ಅವಳ ಅಮ್ಮನನ್ನು ಕೇಳೋಣ ಎಂದೆ. ಬಸ್ ನಿಲ್ದಾಣದ ಬಳಿ ಸೀತಾಫಲ ಮಾರುತ್ತಿದ್ದರು. ಎರಡು ಕೊಂಡೆವು, ಒಂದು ಆ ಗೆಳತಿಗೆ.